ವಿದೇಶದಲ್ಲಿ ವೈದ್ಯಕೀಯ ಓದು: ಅರ್ಜಿ, ಹಣ ಮತ್ತು ನೋಂದಣಿ – ಸದಸ್ಯ ಕುಟುಂಬಗಳಿಗೆ ಮಾಹಿತಿ



ನೀಟ್ ಫಲಿತಾಂಶ ಬಂದ ವಾರದಿಂದಲೇ ಸಂಘಕ್ಕೆ ಒಂದೇ ಬಗೆಯ ವಿಚಾರಣೆಗಳು ಬರತೊಡಗುತ್ತವೆ. ಊರು ಕಾಸರಗೋಡಾಗಲಿ, ಹೊಸೂರಾಗಲಿ, ಅಕ್ಕಲಕೋಟೆಯಾಗಲಿ, ಆದೋನಿಯಾಗಲಿ, ಪ್ರಶ್ನೆ ಒಂದೇ: "ಸರ್ಕಾರಿ ಸೀಟು ಸಿಗುವಷ್ಟು ಅಂಕ ಇಲ್ಲ, ಖಾಸಗಿ ಕಾಲೇಜಿನ ಶುಲ್ಕ ನಮ್ಮಿಂದ ಆಗದು. ಹೊರದೇಶಕ್ಕೆ ಕಳುಹಿಸಬಹುದೇ? ಎಷ್ಟು ಖರ್ಚು?" ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ಎಲ್ಲರಿಗೂ ಉಪಯೋಗವಾಗಲೆಂದು ಈ ಬರಹ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ವಿದೇಶದ ಪದವಿ ಕೈಗೆ ಬಂದ ಮಾತ್ರಕ್ಕೆ ಭಾರತದಲ್ಲಿ ವೈದ್ಯರಾಗುವುದಿಲ್ಲ. ರಾಜ್ಯ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಬಂದ ದಿನವೇ ವೈದ್ಯರಾಗುವ ದಿನ. ನೋಂದಣಿ ಇಲ್ಲದೆ ಚಿಕಿತ್ಸೆ ಕೊಡುವುದು ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ, 2019ರಂತೆ ಒಂದು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡಕ್ಕೂ ಗುರಿಯಾಗುವ ಅಪರಾಧ. ಆದ್ದರಿಂದ ಹಣದ ಲೆಕ್ಕವನ್ನೂ ವರ್ಷದ ಲೆಕ್ಕವನ್ನೂ ಆ ನೋಂದಣಿಯ ದಿನದವರೆಗೆ ಹಾಕಿ ನೋಡಿ, ಆಮೇಲೆ ಮೊದಲ ಕಂತು ಕಟ್ಟಿ.

1. ಮೊದಲು ಹತ್ತಿರದ ಬಾಗಿಲು ತಟ್ಟಿ

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಹತಾ ನಿಯಮಗಳಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಕಲಮುಗಳಿವೆ. ಗಡಿನಾಡಿನ ಕಲಮಿನಲ್ಲಿ ಮಹಾರಾಷ್ಟ್ರದ ಸೊಲ್ಲಾಪುರ, ಅಕ್ಕಲಕೋಟೆ, ಜತ್, ಗಡಹಿಂಗ್ಲಜ ಹಾಗೂ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಭಾಗಗಳ ಹೆಸರುಗಳಿವೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರಿಗೆ ಈ ಅವಕಾಶ. ಪ್ರಾಧಿಕಾರವೇ ನಡೆಸುವ ಕನ್ನಡ ಭಾಷಾ ಪರೀಕ್ಷೆಯೂ ಇದರ ಭಾಗ. ಯಾವ ಕಲಮಿನವರಿಗೆ ಯಾವ ಬಗೆಯ ಸೀಟು, ಮೀಸಲಾತಿ ಸಿಗುವುದೇ ಇಲ್ಲವೇ ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಓದಿ. ನಿಮ್ಮ ಸ್ವಂತ ರಾಜ್ಯದ ಕೌನ್ಸೆಲಿಂಗ್ ಮತ್ತು ಅಖಿಲ ಭಾರತ ಕೋಟಾ ಎರಡಕ್ಕೂ ಹೆಸರು ಕೊಟ್ಟು, ಇದನ್ನೂ ನೋಡಿಯಾದ ಮೇಲೆಯೇ ಹೊರದೇಶದ ಮಾತು.

ಒಂದು ವರ್ಷ ಕಾದು ಮತ್ತೆ ನೀಟ್ ಬರೆಯುವುದಾದರೆ ಇದು ನೆನಪಿರಲಿ: ಕನ್ನಡದ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರ. ಮಂಜೇಶ್ವರದ ಕನ್ನಡ ಮಾಧ್ಯಮದ ಹುಡುಗಿಗೆ ಕನ್ನಡದ ಪತ್ರಿಕೆ ಬೇಕಿದ್ದರೆ ಅರ್ಜಿ ತುಂಬುವಾಗಲೇ ಮಂಗಳೂರನ್ನೋ ಕರ್ನಾಟಕದ ಬೇರೆ ಊರನ್ನೋ ಕೇಂದ್ರವಾಗಿ ಆರಿಸಬೇಕು.

2. ಹೊರದೇಶಕ್ಕೂ ನೀಟ್ ಬೇಕು

"ನಮ್ಮ ಕಾಲೇಜಿಗೆ ನೀಟ್ ಬೇಡ" ಎಂದು ಹೇಳುವವರಿದ್ದಾರೆ. ಆ ಕಾಲೇಜಿಗೆ ಬೇಡದಿರಬಹುದು, ಭಾರತಕ್ಕೆ ಮರಳುವವರಿಗೆ ಬೇಕೇ ಬೇಕು. 2018ರಲ್ಲಿ ಬಂದ ಈ ನಿಯಮವನ್ನು ಸುಪ್ರೀಂ ಕೋರ್ಟು 2025ರ ಫೆಬ್ರವರಿಯಲ್ಲಿ ಎತ್ತಿಹಿಡಿದಿದೆ. ಸಾಮಾನ್ಯ ವರ್ಗದವರು 50ನೇ ಪರ್ಸೆಂಟೈಲ್, ಪರಿಶಿಷ್ಟ ಜಾತಿ, ಪಂಗಡ ಮತ್ತು ಇತರ ಹಿಂದುಳಿದ ವರ್ಗದವರು 40ನೇ ಪರ್ಸೆಂಟೈಲ್ ಮುಟ್ಟಿ ಅರ್ಹರಾಗಿರಬೇಕು. ವಿದೇಶಕ್ಕೆ ಸೇರುವವರಿಗೆ ಆ ಫಲಿತಾಂಶ ಪ್ರಕಟವಾದ ದಿನದಿಂದ 3 ವರ್ಷ ಬಾಳಿಕೆ ಬರುತ್ತದೆ. ಅಂಕಪಟ್ಟಿಯ ಮೂಲ ಪ್ರತಿಯನ್ನು ಮುದ್ರಿಸಿ ಜೋಪಾನವಾಗಿಡಿ. ಆರೇಳು ವರ್ಷದ ಮೇಲೆ ಅದನ್ನು ಮತ್ತೆ ಕೇಳುತ್ತಾರೆ.

ಪಿಯುಸಿ ಅಥವಾ 12ನೇ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು.

3. 2021ರ ನಿಯಮಗಳು ಹೇಳುವುದೇನು

ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, 2021ರ ನವೆಂಬರ್ 18ರಂದು ವಿದೇಶಿ ವೈದ್ಯ ಪದವೀಧರರ ಬಗ್ಗೆ ಹೊಸ ನಿಯಮಗಳನ್ನು ಹೊರಡಿಸಿತು. ಆಮೇಲೆ ಸೇರಿದ ಎಲ್ಲರಿಗೂ ಇವು ಅನ್ವಯ.

(ಅ) ಕೋರ್ಸು ಕನಿಷ್ಠ 54 ತಿಂಗಳದ್ದಾಗಿರಬೇಕು. ವೈದ್ಯಕೀಯಕ್ಕೆ ಮುಂಚಿನ ತಯಾರಿ ಪದವಿಯ ಕಾಲವನ್ನು ಇದರಲ್ಲಿ ಸೇರಿಸುವಂತಿಲ್ಲ.
(ಆ) ಅದೇ ಸಂಸ್ಥೆಯಲ್ಲಿ ಇನ್ನೂ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಿರಬೇಕು.
(ಇ) ಬೋಧನೆ ಇಂಗ್ಲಿಷಿನಲ್ಲಿರಬೇಕು.
(ಈ) ಮೊದಲಿನಿಂದ ಕೊನೆಯವರೆಗೆ ಒಂದೇ ಸಂಸ್ಥೆಯಲ್ಲಿ ಓದಿರಬೇಕು. ನಡುವೆ ಕಾಲೇಜು ಬದಲಿಸುವಂತಿಲ್ಲ.
(ಉ) ಆ ದೇಶದ ಪ್ರಜೆಗಳಂತೆಯೇ ಅಲ್ಲಿ ವೈದ್ಯವೃತ್ತಿ ಮಾಡಲು ಪರವಾನಗಿ ಪಡೆಯುವ ಅರ್ಹತೆ ಆ ಪದವಿಗೆ ಇರಬೇಕು.
(ಊ) ಸೇರಿದ ದಿನದಿಂದ 10 ವರ್ಷದೊಳಗೆ ಕೋರ್ಸು, ತರಬೇತಿ ಮುಗಿದಿರಬೇಕು.
(ಋ) ಭಾರತಕ್ಕೆ ಬಂದ ಮೇಲೆ ಅರ್ಹತಾ ಪರೀಕ್ಷೆ ಪಾಸಾಗಿ, ಇಲ್ಲಿಯೂ 12 ತಿಂಗಳ ಇಂಟರ್ನ್‌ಶಿಪ್ ಮಾಡಬೇಕು.

ಇವುಗಳಲ್ಲಿ ಒಂದು ತಪ್ಪಿದರೂ ಆರು ವರ್ಷದ ಓದು ನಿಷ್ಫಲವಾಗಬಹುದು. ಆದ್ದರಿಂದ ಕಾಲೇಜಿನ ಬಣ್ಣದ ಪುಸ್ತಿಕೆಗಿಂತ ಮೊದಲು ಈ ಏಳು ಸಾಲುಗಳನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಒಂದೊಂದರ ಎದುರಿಗೂ ಗುರುತು ಹಾಕುತ್ತ ಹೋಗಿ.

4. "ಎನ್‌ಎಂಸಿ ಮಾನ್ಯತೆ ಪಡೆದ ಕಾಲೇಜು" ಎಂಬ ಮಾತು

ಎನ್‌ಎಂಸಿ ವಿದೇಶದ ಕಾಲೇಜುಗಳಿಗೆ ಮಾನ್ಯತೆ ಕೊಡುವುದಿಲ್ಲ. ಅಂಥ ಪಟ್ಟಿಯನ್ನೂ ಇಟ್ಟುಕೊಂಡಿಲ್ಲ. ನಿಯಮಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಳ್ಳುವ ಹೊಣೆ ವಿದ್ಯಾರ್ಥಿಯದೇ. ಜಾಹೀರಾತಿನಲ್ಲಿ ಆ ಮಾತು ಕಂಡರೆ ಅಲ್ಲಿಗೇ ಎಚ್ಚರವಾಗಬೇಕು. ವಿಶ್ವ ವೈದ್ಯಕೀಯ ಶಾಲೆಗಳ ಡೈರೆಕ್ಟರಿಯಲ್ಲಿ ಹೆಸರಿದೆ ಎಂಬುದೂ ಮಾನ್ಯತೆಯಲ್ಲ. ಅಂಥ ಒಂದು ಕಾಲೇಜು ಇದೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಹೆಸರಿಲ್ಲದಿದ್ದರೆ ಮುಂದಿನ ಮಾತೇ ಬೇಡ. ಇದ್ದರೆ ಇನ್ನೂ ಕೇಳುವುದು ಬಾಕಿ ಇದೆ.

ಕೇಳಬೇಕಾದ್ದನ್ನು ಏಜೆಂಟರಿಗಲ್ಲ, ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗಕ್ಕೆ ಇಮೇಲ್ ಮೂಲಕ ಕೇಳಿ, ಲಿಖಿತ ಉತ್ತರ ಪಡೆಯಿರಿ:

– ಕೋರ್ಸು ಎಷ್ಟು ತಿಂಗಳು? ಇಂಟರ್ನ್‌ಶಿಪ್ ಅದರೊಳಗೋ ಹೊರಗೋ?
– ಕೊನೆಯ ವರ್ಷದವರೆಗೂ ಬೋಧನೆ ಇಂಗ್ಲಿಷಿನಲ್ಲೇ ಇದೆಯೇ, ನಡುವೆ ಸ್ಥಳೀಯ ಭಾಷೆಗೆ ಹೊರಳುತ್ತದೆಯೇ?
– ಯಾವ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿ ಕಲಿಯುತ್ತಾರೆ? ಆ ಆಸ್ಪತ್ರೆ ಯಾರದು?
– ಈ ಪದವಿಯ ವಿದೇಶಿ ವಿದ್ಯಾರ್ಥಿಗೆ ನಿಮ್ಮ ದೇಶದ ಪರವಾನಗಿ ಸಿಗುತ್ತದೆಯೇ?
– ಆರು ವರ್ಷದ ಶುಲ್ಕ ಯಾವ ಹಣದಲ್ಲಿ, ವರ್ಷಕ್ಕೆ ಎಷ್ಟು ಏರುತ್ತದೆ? ನಡುವೆ ಬಿಟ್ಟರೆ ಎಷ್ಟು ಮರಳುತ್ತದೆ?

ಇಂಗ್ಲಿಷಿನಲ್ಲಿ ಪಾಠ ನಡೆದರೂ ರೋಗಿ ಮಾತಾಡುವುದು ತನ್ನ ಭಾಷೆಯಲ್ಲೇ. ರಷ್ಯಾದಲ್ಲಿ ರಷ್ಯನ್, ಜಾರ್ಜಿಯಾದಲ್ಲಿ ಜಾರ್ಜಿಯನ್ ಬಾರದವರು ವಾರ್ಡಿನಲ್ಲಿ ಸುಮ್ಮನೆ ನಿಲ್ಲಬೇಕಾಗುತ್ತದೆ. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಸಂತೆಯಲ್ಲಿ ಮತ್ತೊಂದು ಭಾಷೆ ಆಡಿ ಬೆಳೆದ ನಮ್ಮ ಮಕ್ಕಳಿಗೆ ಇದು ಹೊಸತಲ್ಲ. ಮೊದಲ ವರ್ಷದಿಂದಲೇ ಕಲಿಯಲಿ.

5. ಹೆಸರು ಮತ್ತು ದಾಖಲೆಗಳು

ಗಡಿಭಾಗದವರಿಗೆ ಹೆಚ್ಚು ತೊಂದರೆ ಕೊಡುವುದು ಇದೇ. ಒಂದೇ ಹೆಸರು ಮಲಯಾಳದಿಂದ ಒಂದು ಬಗೆಯಲ್ಲಿ, ಮರಾಠಿಯಿಂದ ಇನ್ನೊಂದು ಬಗೆಯಲ್ಲಿ ಇಂಗ್ಲಿಷಿಗೆ ಇಳಿದಿರುತ್ತದೆ. ಹೊಸೂರು, ತಾಳವಾಡಿ ಕಡೆಯವರಿಗೆ ಮನೆತನದ ಹೆಸರಿನ ಬದಲು ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆಯುತ್ತಾರೆ. ಹತ್ತನೇ ತರಗತಿಯ ಅಂಕಪಟ್ಟಿ, 12ನೇ ತರಗತಿಯ ಅಂಕಪಟ್ಟಿ, ಆಧಾರ್, ನೀಟ್ ಅಂಕಪಟ್ಟಿ, ಪಾಸ್‌ಪೋರ್ಟ್ ಈ ಐದರಲ್ಲೂ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಸರಿಪಡಿಸುವುದಿದ್ದರೆ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ಸರಿಪಡಿಸಿ. ವಿದೇಶದ ಪದವಿ ಪತ್ರದಲ್ಲಿ ಬರುವುದು ಪಾಸ್‌ಪೋರ್ಟಿನ ಹೆಸರು.

ಎರಡನೆಯದು ಅಪೋಸ್ಟೀಲ್. ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಹೋಗುವ ದಾಖಲೆಗೆ ನಮ್ಮ ವಿದೇಶಾಂಗ ಸಚಿವಾಲಯ ಹಾಕುವ ದೃಢೀಕರಣ ಇದು. ಭಾರತ 2005ರಿಂದ ಇದರ ಸದಸ್ಯ. ರಷ್ಯಾ, ಜಾರ್ಜಿಯಾ, ಕಜಕಸ್ತಾನ, ಫಿಲಿಪ್ಪೀನ್ಸ್ ಕೂಡ ಸದಸ್ಯರು. ಚೀನಾ 2023ರಲ್ಲಿ ಸೇರಿತು. ಅಪೋಸ್ಟೀಲಿಗೆ ಮೊದಲು ದಾಖಲೆ ಕೊಟ್ಟ ರಾಜ್ಯದ ದೃಢೀಕರಣ ಆಗಬೇಕು. ಹತ್ತನೇ ತರಗತಿ ಕಾಸರಗೋಡಿನಲ್ಲಿ, ಪಿಯುಸಿ ಮಂಗಳೂರಿನಲ್ಲಿ ಮುಗಿಸಿದವರ ಒಂದು ಪತ್ರ ಕೇರಳದಲ್ಲಿ, ಇನ್ನೊಂದು ಕರ್ನಾಟಕದಲ್ಲಿ ದೃಢೀಕರಣವಾಗಬೇಕು. ಕೇರಳದ ಪತ್ರಗಳಿಗೆ ನೋರ್ಕಾ ರೂಟ್ಸ್ ಕಚೇರಿಗಳಲ್ಲಿ ಈ ಸೇವೆ ಇದೆ. ಅಪೋಸ್ಟೀಲಿನ ಸರ್ಕಾರಿ ಶುಲ್ಕ ದಾಖಲೆಗೆ 50 ರೂಪಾಯಿ, ಸೇವಾ ಕೇಂದ್ರದವರ ಶುಲ್ಕ ಬೇರೆ. ಎರಡು ರಾಜ್ಯದ ಕೆಲಸವೆಂದರೆ ಓಡಾಟವೂ ಎರಡರಷ್ಟು. ಅದಕ್ಕೆ ತಕ್ಕ ಸಮಯ ಇಟ್ಟುಕೊಳ್ಳಿ.

ಮೂಲ ಅಂಕಪಟ್ಟಿಗಳನ್ನು ಯಾವ ಏಜೆಂಟರ ಕೈಯಲ್ಲೂ ಬಿಡಬೇಡಿ. ದೃಢೀಕರಣಕ್ಕೆ ಕೊಡಲೇಬೇಕಾದರೆ ರಸೀದಿ ಪಡೆದು, ದಿನಾಂಕ ಗೊತ್ತುಮಾಡಿ ಮರಳಿ ತನ್ನಿ.

6. ಅರ್ಜಿಯ ಹಾದಿ

ದೇಶದಿಂದ ದೇಶಕ್ಕೆ ಕ್ರಮ ಬದಲಾಗುತ್ತದೆ. ರಷ್ಯಾಕ್ಕೆ ಅಂಕಪಟ್ಟಿ ಮತ್ತು ಪಾಸ್‌ಪೋರ್ಟ್ ಪ್ರತಿ ಕಳುಹಿಸಿದ ಮೇಲೆ ವಿಶ್ವವಿದ್ಯಾಲಯ ಪ್ರವೇಶಪತ್ರ ಕೊಡುತ್ತದೆ. ನಂತರ ಅಲ್ಲಿಯ ಸರ್ಕಾರದ ಮೂಲಕ ಆಹ್ವಾನಪತ್ರ ಬರುತ್ತದೆ. ಅದರ ಮೇಲೆ, ಎಚ್‌ಐವಿ ಪರೀಕ್ಷೆಯ ವರದಿಯ ಜೊತೆಗೆ, ವೀಸಾ. ಜಾರ್ಜಿಯಾದಲ್ಲಿ ನಿಮ್ಮ 12ನೇ ತರಗತಿಯ ಓದಿಗೆ ಅಲ್ಲಿಯ ಶಿಕ್ಷಣ ಗುಣಮಟ್ಟ ಕೇಂದ್ರದ ಮನ್ನಣೆ ಸಿಕ್ಕಮೇಲೆ ಸೇರ್ಪಡೆ ಆದೇಶ. ನೇಪಾಳದಲ್ಲಿ ಅಲ್ಲಿಯ ವೈದ್ಯಕೀಯ ಶಿಕ್ಷಣ ಆಯೋಗದ ಪ್ರವೇಶ ಪರೀಕ್ಷೆಯನ್ನು ವಿದೇಶಿ ವಿದ್ಯಾರ್ಥಿಗಳೂ ಬರೆಯಬೇಕು. ಬಾಂಗ್ಲಾದೇಶದಲ್ಲಿ 5 ವರ್ಷದ ಎಂಬಿಬಿಎಸ್, ಮೇಲೆ 1 ವರ್ಷದ ಇಂಟರ್ನ್‌ಶಿಪ್. ನಮ್ಮ ಅಂಕಗಳನ್ನು ಅಲ್ಲಿಯ ಶ್ರೇಣಿಗೆ ಪರಿವರ್ತಿಸಿ ಅರ್ಹತೆ ನೋಡುತ್ತಾರೆ.

ಯಾವ ದೇಶವೇ ಆಗಲಿ, ಪ್ರವೇಶಪತ್ರ ಬಂದೊಡನೆ ಅದರ ಮೇಲಿನ ಸಂಖ್ಯೆಯನ್ನು ಕೊಟ್ಟು ವಿಶ್ವವಿದ್ಯಾಲಯಕ್ಕೇ ಬರೆದು ಖಚಿತಪಡಿಸಿಕೊಳ್ಳಿ. ಮುಖ್ಯ ಕ್ಯಾಂಪಸ್ಸೋ ದೂರದ ಊರಿನ ಶಾಖೆಯೋ ಎಂಬುದನ್ನೂ ಪತ್ರದಲ್ಲೇ ನೋಡಿ. ಒಂದು ಕಾಲೇಜಿನ ಹೆಸರು ಹೇಳಿ ಇನ್ನೊಂದಕ್ಕೆ ಸೇರಿಸಿ, "ಮುಂದಿನ ವರ್ಷ ಬದಲಿಸಿಕೊಡುತ್ತೇವೆ" ಎಂದರೆ ಒಪ್ಪಬೇಡಿ. ನಡುವೆ ಕಾಲೇಜು ಬದಲಿಸುವಂತಿಲ್ಲ ಎಂಬ ನಿಯಮ ಮೇಲೆ ನೋಡಿದ್ದೀರಿ.

7. ಹಣ ಕಳುಹಿಸುವುದು

ಏಜೆಂಟರು ಹೇಳುವ "ಪ್ಯಾಕೇಜ್" ಮೊತ್ತವನ್ನು ಬಿಡಿಸಿ ಬರೆಸಿಕೊಳ್ಳಿ: ಬೋಧನಾ ಶುಲ್ಕ, ವಸತಿ, ಊಟ, ವಿಮೆ, ವೀಸಾ ನವೀಕರಣ, ವಿಮಾನ, ಏಜೆಂಟರ ಸೇವಾ ಶುಲ್ಕ. ವಿಶ್ವವಿದ್ಯಾಲಯದ ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ, ಬ್ಯಾಂಕಿನ ಮೂಲಕವೇ, ವಿದ್ಯಾರ್ಥಿಯ ಹೆಸರು ನಮೂದಿಸಿ ಕಳುಹಿಸಿ. ನಗದು ಕೊಡಬೇಡಿ. ನಗದು ಕೊಟ್ಟ ಹಣಕ್ಕೆ ಜಗಳವಾದಾಗ ತೋರಿಸಲು ಕಾಗದ ಇರುವುದಿಲ್ಲ.

ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳುಹಿಸಬಹುದು. ಪ್ಯಾನ್ ಮತ್ತು ಎ2 ನಮೂನೆ ಬೇಕು. ಮೂಲದಲ್ಲಿ ಸಂಗ್ರಹಿಸುವ ತೆರಿಗೆ, ಅಂದರೆ ಟಿಸಿಎಸ್, 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗಿನ ರವಾನೆಗೆ ಇಲ್ಲ. ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ ಅದು ಬೀಳುವುದೇ ಇಲ್ಲ. ಸ್ವಂತ ಹಣ 10 ಲಕ್ಷ ಮೀರಿದರೆ ಆ ವರ್ಷದ ದರವನ್ನು ಬ್ಯಾಂಕಿನಲ್ಲಿ ಕೇಳಿ. ಕಡಿತವಾದದ್ದು ನಷ್ಟವಲ್ಲ, ತೆರಿಗೆ ವಿವರ ಸಲ್ಲಿಸಿದಾಗ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು. ವಿವರ ಸಲ್ಲಿಸದಿದ್ದರೆ ಮಾತ್ರ ನಷ್ಟ.

ರೂಪಾಯಿಯ ಬೆಲೆ ಇಳಿಯುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. 2014ರ ಮಧ್ಯದಲ್ಲಿ ಡಾಲರಿಗೆ ಸುಮಾರು 60 ರೂಪಾಯಿ ಇತ್ತು. 2025ರಲ್ಲಿ 85 ದಾಟಿತು. ವರ್ಷಕ್ಕೆ 4,000 ಡಾಲರ್ ಶುಲ್ಕ ಆಗ 2.4 ಲಕ್ಷ, ಈಗ 3.4 ಲಕ್ಷಕ್ಕೂ ಹೆಚ್ಚು. ಕಾಲೇಜು ಒಂದು ಡಾಲರನ್ನೂ ಏರಿಸದಿದ್ದರೂ ಮನೆಯ ಖರ್ಚು ಏರುತ್ತದೆ.

8. ಸಾಲದ ಗಡಿಯಾರ

ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಭದ್ರತೆ ಕೇಳುವುದಿಲ್ಲ. 7.5 ಲಕ್ಷ ಮೀರಿದರೆ ಆಸ್ತಿ ಅಡವು ಬೇಕು. 4 ಲಕ್ಷ ಮೀರಿದ ಸಾಲದಲ್ಲಿ ವಿದೇಶದ ಓದಿಗೆ ಖರ್ಚಿನ 15% ನಿಮ್ಮ ಕೈಯಿಂದ ಹಾಕಬೇಕು. ಕೃಷಿ ಜಮೀನನ್ನು ಹಲವು ಬ್ಯಾಂಕುಗಳು ಅಡವಿಗೆ ಒಪ್ಪುವುದಿಲ್ಲ, ಏಕೆಂದರೆ ಬ್ಯಾಂಕುಗಳು ಸಾಲ ವಸೂಲಿಗೆ ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ತಟ್ಟುವುದಿಲ್ಲ. ವಾಸ ಒಂದು ರಾಜ್ಯದಲ್ಲಿ, ಆಸ್ತಿ ಇನ್ನೊಂದರಲ್ಲಿ ಇರುವವರು ಆಸ್ತಿ ಇರುವ ಊರಿನ ಶಾಖೆಯಲ್ಲಿ ಮೊದಲು ವಿಚಾರಿಸುವುದು ಅನುಕೂಲ. ಪತ್ರಗಳು ಆ ರಾಜ್ಯದ ಭಾಷೆಯಲ್ಲಿರುತ್ತವೆ, ಅಲ್ಲಿಯ ವಕೀಲರ ಅಭಿಪ್ರಾಯ ಬೇಕಾಗುತ್ತದೆ.

ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ವಿದೇಶದ ಎಂಬಿಬಿಎಸ್ ಓದಿಗೆ ಸಿಗುವುದಿಲ್ಲ. ಪರಿಶಿಷ್ಟ ಜಾತಿಯವರಿಗಿರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ, ಎಂಬಿಬಿಎಸ್‌ಗಲ್ಲ. ಬಡ್ಡಿಗೆ 8 ವರ್ಷ ಸಿಗುವ ಆದಾಯ ತೆರಿಗೆ ಕಡಿತ ಹಳೆಯ ತೆರಿಗೆ ಪದ್ಧತಿ ಆರಿಸಿದವರಿಗೆ ಮಾತ್ರ.

ಈಗ ಲೆಕ್ಕ ನೋಡಿ. ವರ್ಷಕ್ಕೆ 4 ಲಕ್ಷದಂತೆ 6 ವರ್ಷ ಸಾಲ ತೆಗೆದರೆ 24 ಲಕ್ಷ. ಬಡ್ಡಿ 10% ಎಂದಿಟ್ಟುಕೊಳ್ಳೋಣ. ಮಾದರಿ ಯೋಜನೆಯಲ್ಲಿ ಕೋರ್ಸಿನ ಅವಧಿ ಮತ್ತು ಮೇಲೊಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಸರಳ ಬಡ್ಡಿ ಸೇರುತ್ತಿರುತ್ತದೆ. ಮೊದಲ ವರ್ಷದ ಹಣಕ್ಕೆ 7 ವರ್ಷದ ಬಡ್ಡಿ, ಕೊನೆಯ ವರ್ಷದ್ದಕ್ಕೆ 2 ವರ್ಷದ ಬಡ್ಡಿ. ಎಲ್ಲ ಕೂಡಿ 10.8 ಲಕ್ಷ. ಏಳನೆಯ ವರ್ಷ ಮುಗಿದಾಗ ಬಾಕಿ 34.8 ಲಕ್ಷ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 46,000 ರೂಪಾಯಿ.

ಆ ಕಂತು ಶುರುವಾಗುವ ಹೊತ್ತಿಗೆ ಮಗ ಅಥವಾ ಮಗಳು ಎಲ್ಲಿರುತ್ತಾರೆ? ಮುಂದಿನ ಭಾಗ ಓದಿ.

9. ಮರಳಿ ಬಂದ ಮೇಲೆ

ಈಗ ನಡೆಯುತ್ತಿರುವ ಅರ್ಹತಾ ಪರೀಕ್ಷೆ ಎಫ್‌ಎಂಜಿಇ. ವರ್ಷಕ್ಕೆ ಎರಡು ಬಾರಿ, ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರಿನಲ್ಲಿ. 300 ಪ್ರಶ್ನೆ, ಪಾಸಾಗಲು 150 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹೀಗಿದ್ದೂ ಇತ್ತೀಚಿನ ವರ್ಷಗಳಲ್ಲಿ ಬರೆದ ಮೂವರಲ್ಲಿ ಒಬ್ಬರೂ ಪಾಸಾಗದ ಸ್ಥಿತಿ ಇದೆ. ಇದರ ಬದಲಿಗೆ ನೆಕ್ಸ್ಟ್ ಎಂಬ ಪರೀಕ್ಷೆ ತರುವ ಅವಕಾಶ ಕಾಯ್ದೆಯಲ್ಲಿದೆ.

ಪಾಸಾದವರು ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ ಪಡೆದು 12 ತಿಂಗಳ ಇಂಟರ್ನ್‌ಶಿಪ್ ಮಾಡಬೇಕು. ವಿದೇಶಿ ಪದವೀಧರರಿಗೆ ಕಾಲೇಜಿನ ಸೀಟುಗಳ 7.5%ರಷ್ಟು ಸ್ಥಾನ ಕೊಡಬಹುದೆಂದು 2022ರ ಮಾರ್ಚಿನಲ್ಲಿ ಎನ್‌ಎಂಸಿ ತಿಳಿಸಿತು. ಇದಕ್ಕೆ ಶುಲ್ಕ ಕೇಳಬಾರದು, ಭಾರತೀಯ ಪದವೀಧರರಿಗೆ ಸಮನಾದ ಸ್ಟೈಪೆಂಡ್ ಕೊಡಬೇಕು ಎಂದೂ ಅದೇ ಸುತ್ತೋಲೆ ಹೇಳುತ್ತದೆ. ಸ್ಥಾನ ಕಡಿಮೆಯಿದ್ದಲ್ಲಿ ಸರದಿ ಕಾಯಬೇಕಾಗುತ್ತದೆ. ಯಾವ ರಾಜ್ಯದ ಪರಿಷತ್ತಿನಲ್ಲಿ ಹೆಸರು ಬರೆಸುವುದು ಎಂಬುದನ್ನು ಗಡಿಭಾಗದವರು ಮೊದಲೇ ಯೋಚಿಸಿರಬೇಕು. ವಾಸಸ್ಥಳದ ದಾಖಲೆ ಯಾವ ರಾಜ್ಯದ್ದು ಎಂಬುದು ಅಲ್ಲಿ ಮುಖ್ಯವಾಗುತ್ತದೆ.

ಒಟ್ಟು ಕೂಡಿಸಿ: ಹೊರಗೆ ಐದೂವರೆಯಿಂದ ಆರು ವರ್ಷ, ಪರೀಕ್ಷೆಗೆ ಮೊದಲ ಯತ್ನದಲ್ಲೇ ಅರ್ಧ ವರ್ಷ, ಇಲ್ಲಿ ಇಂಟರ್ನ್‌ಶಿಪ್ 1 ವರ್ಷ. ಎಲ್ಲವೂ ನೆಟ್ಟಗಾದರೆ ಏಳೂವರೆ ವರ್ಷ. ಪರೀಕ್ಷೆ ಎರಡು ಸಲ ತಪ್ಪಿದರೆ ಎಂಟೂವರೆ. ಬ್ಯಾಂಕಿನ ಕಂತು ಮಾತ್ರ ಎಂಟನೆಯ ವರ್ಷದ ಮೊದಲ ತಿಂಗಳಿಂದಲೇ ಬರುತ್ತದೆ. ಹೀಗೆ ವೈದ್ಯರ ಸಂಬಳ ಬರುವ ಮೊದಲೇ ಕಂತು ಬರುವ ಆರು ತಿಂಗಳಿಂದ ಒಂದೂವರೆ ವರ್ಷದ ಕಾಲವನ್ನು ಯಾರು ತುಂಬುತ್ತಾರೆ ಎಂಬುದನ್ನು ಸಾಲಕ್ಕೆ ಸಹಿ ಹಾಕುವ ಮೊದಲು ಮನೆಯಲ್ಲಿ ಕೂತು ತೀರ್ಮಾನಿಸಿ. ಕನಿಷ್ಠ ಒಂದೂವರೆ ವರ್ಷದ ಕಂತಿನ ಹಣವನ್ನು, ಮೇಲಿನ ಉದಾಹರಣೆಯಂತೆ ಸುಮಾರು 8.3 ಲಕ್ಷವನ್ನು, ಮುಟ್ಟದೆ ತೆಗೆದಿಡಬಲ್ಲ ಮನೆಯವರು ಮುಂದುವರಿಯಬಹುದು. ಆಗದವರು ಇನ್ನೊಮ್ಮೆ ಯೋಚಿಸಲಿ. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಓದಿ ಬೇಗ ದುಡಿಯುವುದು ಕಡಿಮೆ ಮಾನದ ದಾರಿಯಲ್ಲ.

10. ಯುದ್ಧ, ಗಲಭೆ

2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಅಲ್ಲಿದ್ದ ಸಾವಿರಾರು ಭಾರತೀಯ ವೈದ್ಯ ವಿದ್ಯಾರ್ಥಿಗಳು ಆಪರೇಷನ್ ಗಂಗಾದ ಮೂಲಕ ಮರಳಿದರು. ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಪ್ರಾಣ ಕಳೆದುಕೊಂಡ. 2024ರ ಮೇ ತಿಂಗಳಲ್ಲಿ ಬಿಶ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಮೇಲೆ ದಾಳಿಯಾಯಿತು. ಅದೇ ಜುಲೈಯಲ್ಲಿ ಬಾಂಗ್ಲಾದೇಶದಿಂದ ನಮ್ಮ ವಿದ್ಯಾರ್ಥಿಗಳು ಗಡಿ ದಾಟಿ ಬಂದರು. ಇವನ್ನು ಹೆದರಿಸಲು ಹೇಳುತ್ತಿಲ್ಲ. ಎರಡು ಮುನ್ನೆಚ್ಚರಿಕೆಗಾಗಿ ಹೇಳುತ್ತಿದ್ದೇವೆ: ರಿಯಾಯಿತಿಯ ಆಸೆಗೆ ಹಲವು ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಬೇಡಿ, ತಲುಪಿದ ವಾರದಲ್ಲೇ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ವಿದ್ಯಾರ್ಥಿಯ ಹೆಸರು ನೋಂದಾಯಿಸಿ. ಹಳೆಯ ಪಾಸ್‌ಪೋರ್ಟ್, ಶುಲ್ಕದ ರಸೀದಿ, ಪ್ರತಿ ವರ್ಷದ ಅಂಕಪಟ್ಟಿ ಎಲ್ಲವನ್ನೂ ಒಂದು ಕಡತದಲ್ಲಿ ಇಟ್ಟು, ಅದರ ಪ್ರತಿ ಮನೆಯಲ್ಲೂ ಇರಲಿ.

ಶುಲ್ಕ, ತೆರಿಗೆ ದರ, ಪರೀಕ್ಷೆಯ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹಣ ಕಟ್ಟುವ ವಾರದಲ್ಲಿ ಎನ್‌ಎಂಸಿಯ ಪ್ರಕಟಣೆಗಳನ್ನು ಇನ್ನೊಮ್ಮೆ ನೋಡಿ. ಇಂಗ್ಲಿಷಿನ ಪತ್ರ ಓದಿ ಅರ್ಥ ಹೇಳಲು, ವಿಶ್ವವಿದ್ಯಾಲಯಕ್ಕೆ ಪ್ರಶ್ನೆಗಳನ್ನು ಬರೆದುಕೊಡಲು, ಬ್ಯಾಂಕಿನ ನಮೂನೆ ತುಂಬಲು ಸಂಘದಲ್ಲಿ ನಾವು ಇದ್ದೇವೆ. ಕಂತು ಕಟ್ಟಿದ ಮೇಲೆ ಬರುವುದಕ್ಕಿಂತ ಕಟ್ಟುವ ಮೊದಲು ಬನ್ನಿ. ಕಾಗದಗಳನ್ನು ತನ್ನಿ, ವಿದ್ಯಾರ್ಥಿಯನ್ನೂ ಕರೆತನ್ನಿ.

– ಕಾರ್ಯದರ್ಶಿ